ಗೋಧಿ ಬಿಟ್ಟವರ ಹೋಟೆಲು

ಗೋಧಿಯ ಗ್ಲುಟೆನ್ ಸರ್ವಥಾ ವರ್ಜ್ಯವೆಂದು ವೈದ್ಯರ ಅಪ್ಪಣೆ ಪಡೆದ ಸೀಲಿಯಾಕ್ ರೋಗಿಯು, ಇಡ್ಲಿ, ಅಕ್ಕಿರೊಟ್ಟಿ, ರಾಗಿಮುದ್ದೆಗಳ ಈ ನಾಡಿನಲ್ಲಿ ತನಗೇನು ಕೊರತೆಯೆಂದು ಎದೆಯುಬ್ಬಿಸಿ ಹೋಟೆಲನ್ನು ಪ್ರವೇಶಿಸುವನಾದರೂ, ಆತನ ಶತ್ರು ಸಾಂಬಾರಿನ ಒಗ್ಗರಣೆಯಲ್ಲಿಯೇ ಅವಿತಿರುವುದುಂಟು. ಏಕೆಂದರೆ ಡಬ್ಬಿಯ ಇಂಗಿನಲ್ಲಿ ಅನೇಕವೇಳೆ ಇಂಗಿಗಿಂತ ಗೋಧಿಹಿಟ್ಟೇ ಹೆಚ್ಚು. ಖಾಲಿದೋಸೆಯಾದರೂ ನಿರಪಾಯವೇ ಎಂದರೆ, ಅದು ಅವತರಿಸುವುದು ರವೆದೋಸೆಯು ಆಗಷ್ಟೇ ಇಳಿದ ಕಾವಲಿಯ ಮೇಲೆ. "ಇದರಲ್ಲಿ ಗೋಧಿ ಇದೆಯೇನಪ್ಪಾ?" ಎಂದರೆ ಮಾಣಿಯು ಪರಮ ವಿಶ್ವಾಸದಿಂದ, "ಗೋಧಿ ಎಲ್ಲಿಂದ ಬಂತು ಸ್ವಾಮಿ, ಬರೀ ಮೈದಾ" ಎನ್ನುತ್ತಾನೆ.

ಗ್ಲುಟೆನ್‌ರಹಿತವೆಂದು ಮಾರುವ ಪೊಟ್ಟಣದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂದು ಸರ್ಕಾರದ ನಿಯಮವಿದೆ, ಆದರೆ ಕಾವಲಿಯನ್ನು ಅಳೆಯುವವರಾರು? ಆದಕಾರಣವೇ ಸಮದುಃಖಿಗಳ ಸಂಘವೊಂದು ಅತ್ಯವಶ್ಯಕ. ಯಾವ ಹೋಟೆಲಿನಲ್ಲಿ ಬೇರೆ ಕಾವಲಿಯುಂಟು, ಯಾವ ಅಂಗಡಿಯ ಇಂಗಿಗೆ ಅಕ್ಕಿಹಿಟ್ಟು ಬೆರೆಸುತ್ತಾರೆ, ಯಾವ ಭಟ್ಟರು ಬಾಣಲೆಯಲ್ಲಿ ಬೋಂಡಾ ಕರಿದ ಎಣ್ಣೆಗೇ ಪೂರಿಯನ್ನೂ ಬಿಡುತ್ತಾರೆ ಎಂಬ ಗೂಢಚಾರ ವಿದ್ಯೆಯಲ್ಲಿ ಅಲ್ಲಿನ ತಾಯಂದಿರನ್ನು ಚಾಣಕ್ಯನೂ ಮೀರಿಸಲಾರನು. ಆದರೆ ಸಂಘದ ಸಮಸ್ತ ಪಾಂಡಿತ್ಯವೂ ಮದುವೆಯ ಪಂಕ್ತಿಯಲ್ಲಿ ನಿಷ್ಫಲವಾಗುತ್ತದೆ, ಅಲ್ಲಿ ಕೈಯಲ್ಲಿ ತುಪ್ಪದ ಮಿಳ್ಳೆ ಹಿಡಿದು ನಿಂತ ದೊಡ್ಡಮ್ಮನವರು, "ಹೋಳಿಗೆ ತಿನ್ನೋ ಮಗು, ಏನೂ ಆಗೋಲ್ಲ, ಬೇಕಾದರೆ ಕಣಕ ಬಿಟ್ಟು ಹೂರಣ ತಿನ್ನು" ಎಂದು, ಉತ್ತರಕ್ಕೂ ಕಾಯದೆ ಎರಡನೆಯದನ್ನೂ ಬಡಿಸಿಬಿಡುತ್ತಾರೆ.