ಜಾಡಿಯೊಳಗಿನ ಮೇಲು ಕೀಳು

ಉಪ್ಪಿನಕಾಯಿ ಜಾಡಿಗೆ ಸಮಾನತೆ ಇನ್ನೂ ಬಂದಿಲ್ಲ. ಎಣ್ಣೆ ಮೇಲೆ ಮೆರೆಯುತ್ತದೆ, ಮಸಾಲೆ ತಳ ಹಿಡಿಯುತ್ತದೆ. ಮೊದಲು ಬಡಿಸಿಕೊಂಡ ನೆಂಟರಿಗೆ ಬರೀ ಎಣ್ಣೆ, ಕೊನೆಗೆ ಕೆರೆದುಕೊಂಡ ಮನೆಯವರಿಗೆ ಸಾಸಿವೆ ಮೆಂತ್ಯದ ಕೆಸರು. ಕೈ ಹಾಕಿದವರನ್ನು ಬೈದು ಫಲವಿಲ್ಲ. ಮೆಣಸಿನಪುಡಿಯ ಬಣ್ಣ, ಖಾರ ಎಣ್ಣೆಗೆ ಸಲೀಸಾಗಿ ಇಳಿಯುತ್ತವೆ. ಉಪ್ಪು ಮಾತ್ರ ಎಣ್ಣೆಯಲ್ಲಿ ಕರಗುವುದೇ ಇಲ್ಲ, ಮಾವಿನಹೋಳು ಬಿಟ್ಟ ನೀರಿನಲ್ಲಿ ಕರಗಿ ಕೆಳಗೇ ಉಳಿಯುತ್ತದೆ. ಹಾಗಾಗಿ ಮೇಲಿನ ಕೆಂಪೆಣ್ಣೆಗೆ ಠೀವಿ ಇದೆ, ಉಪ್ಪಿಲ್ಲ. (ಇಂಥವರು ಸಭೆಗಳಲ್ಲೂ ಸಿಗುತ್ತಾರೆ.)

ಪುಡಿ ನುಣ್ಣಗಾದಷ್ಟೂ ತಳ ಸೇರಲು ತಡಮಾಡುತ್ತದೆ, ನಿಜ. ಆದರೆ ತಡವಷ್ಟೇ, ಸೇರುವುದು ತಪ್ಪದು.

ಈ ವಿಷಯದಲ್ಲಿ ಉತ್ತರ ಕರ್ನಾಟಕದವರೇ ಜಾಣರು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಡಬ್ಬಿಯಲ್ಲಿ ಒಣಗಿಯೇ ಇರುತ್ತವೆ. ತಟ್ಟೆಗೆ ಬಂದ ಮೇಲೆ ನಡುವೆ ಗುಳಿ ಮಾಡಿ ಎಣ್ಣೆ ಬಿಟ್ಟು, ಬೆರಳಲ್ಲಿ ಕಲಸಿ, ಜೋಳದ ರೊಟ್ಟಿಯ ಚೂರಿನಲ್ಲಿ ಎತ್ತಿಬಿಡುತ್ತಾರೆ. ತಳ ಹಿಡಿಯಲು ಪುಡಿಗೆ ಪುರುಸೊತ್ತೆಲ್ಲಿ?

ಉಪ್ಪಿನಕಾಯಿಯವರಿಗೆ ಆ ಭಾಗ್ಯವಿಲ್ಲ. ಆದ್ದರಿಂದ ಬಡಿಸುವ ಮೊದಲು ದಯವಿಟ್ಟು ತಳದವರೆಗೂ ಒಮ್ಮೆ ತಿರುವಿ. ಸೌಟು ಒಣಗಿರಲಿ, ಇಲ್ಲದಿದ್ದರೆ ಬೂಷ್ಟು ಮೇಲಿಂದ ಕೆಳಗಿನವರೆಗೆ ಸಮನಾಗಿ ಹರಡೀತು.