ಕ್ರೀಡಾಸೌಹಾರ್ದ ಚಿತ್ರಲಕ್ಷಣವೂ ಹೊಯ್ಸಳ ದೋಷವಿಚಾರವೂ

ಕಾವ್ಯಕ್ಕೆ ಲಕ್ಷಣಗ್ರಂಥಗಳಿವೆ, ಕುದುರೆಗೂ ಅಶ್ವಶಾಸ್ತ್ರವಿದೆ. ಆಟ ಆಡಿಸಿ ಮತಸೌಹಾರ್ದ ತರುವ ಸಿನಿಮಾಕ್ಕೆ ಮಾತ್ರ ಶಾಸ್ತ್ರವೆಂಬುದು ಒದಗಿಲ್ಲ. ಆ ಕೊರತೆಯನ್ನು ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಲ್ಲಿನ ಆಧಾರದಿಂದ ನೀಗುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಮೊದಲು ಲಕ್ಷಣ. ಇಂಥ ಚಿತ್ರಕ್ಕೆ ಅಂಗಗಳು ನಾಲ್ಕು: ಒಡೆದ ಊರು, ಒಂದು ಪಂದ್ಯ, ಒಬ್ಬ ಹಿರಿಯ, ಒಂದು ಭಾಷಣ. 2024ರ ತಮಿಳು ಚಿತ್ರ 'ಲಾಲ್ ಸಲಾಂ' ಸರ್ವಾಂಗಸಂಪನ್ನ ನಿದರ್ಶನ. ಅಲ್ಲಿ ಕ್ರಿಕೆಟ್ ಜಗಳ ಮತಗಲಭೆಗೆ ತಿರುಗುತ್ತದೆ, ಊರ ತೇರಿನ ಪ್ರಶ್ನೆ ಏಳುತ್ತದೆ, ಮೊಯ್ದೀನ್ ಭಾಯಿಯಾಗಿ ರಜನಿಕಾಂತ್ ಬಂದು ಬುದ್ಧಿ ಹೇಳುತ್ತಾರೆ. 21 ದಿನ ಚಿತ್ರೀಕರಿಸಿದ ದೃಶ್ಯಗಳು ಕಳೆದುಹೋದವೆಂದು ನಿರ್ದೇಶಕಿ ಐಶ್ವರ್ಯಾ ಹೇಳಿಕೊಂಡಿದ್ದರು. ಶಾಸನದ ಅಕ್ಷರ ಸವೆದಲ್ಲಿ ಸಂಪಾದಕರು ಚುಕ್ಕಿ ಇಡುತ್ತಾರಲ್ಲ, ವಿಮರ್ಶಕರೂ ಹಾಗೇ ಮಾಡತಕ್ಕದ್ದು. ಉಪದೇಶವೇನೂ ಕಳೆದುಹೋದಂತಿಲ್ಲ.

ಇನ್ನು ದೋಷ. 'ಲಗಾನ್' (2001) ತಂಡವನ್ನು ಜನಗಣತಿಯವರೇ ಆರಿಸಿದಂತಿದೆ; ಅದರ ಇಸ್ಮಾಯಿಲ್ ಗಾಯಗೊಂಡ ಮೇಲೂ ಬ್ಯಾಟು ಹಿಡಿಯಬೇಕು. 'ಚಕ್ ದೇ ಇಂಡಿಯಾ'ದ (2007) ಹಾಕಿ ಕೋಚ್ ಕಬೀರ್ ಖಾನ್ ದೇಶನಿಷ್ಠನೆನಿಸಿಕೊಳ್ಳಲು ವಿಶ್ವಕಪ್ಪನ್ನೇ ಗೆಲ್ಲಿಸಿಕೊಡಬೇಕು. ಸೊನ್ನೆಗೆ ಔಟಾಗಿ ಸುಮ್ಮನೆ ಮನೆಗೆ ಹೋಗುವ ಮುಸ್ಲಿಂ ಆಟಗಾರನಿಗೆ ಈ ಶಾಸ್ತ್ರದಲ್ಲಿ ಸ್ಥಾನವಿಲ್ಲ.

ಈ ಪ್ರಕಾರ ಮುಂಬೈಯಲ್ಲಿ ಹುಟ್ಟಿತೆಂಬ ಪೂರ್ವಪಕ್ಷವನ್ನು ಬೇಲೂರಿನ ಬಾಗಿಲಲ್ಲೇ ಖಂಡಿಸಬಹುದು. ಹುಲಿಯ ಮೇಲೆ ಎರಗಿದ, ಹೊಯ್ಸಳರ ಮೂಲಪುರುಷ ಸಳ ಅಲ್ಲಿ ಇಂದಿಗೂ ನಿಂತಿದ್ದಾನೆ. ಐತಿಹ್ಯದಂತೆ ಕೋಚ್ ಜೈನಮುನಿ ಸುದತ್ತ, ಮೈದಾನ ವಾಸಂತಿಕಾ ದೇವಿಯ ಗುಡಿ, ಎದುರಾಳಿ ಹುಲಿ. ಕೋಚ್ ಕೊಟ್ಟ ಸಲಹೆ 'ಹೊಯ್ ಸಳ' ಎಂಬಷ್ಟೇ. ಇಷ್ಟು ಚಿಕ್ಕ ಭಾಷಣ ಈ ಪ್ರಕಾರದಲ್ಲಿ ಮತ್ತೆ ಕೇಳಿಬಂದಿಲ್ಲ.

ಹಳೇಬೀಡಿನದು ಇನ್ನೂ ಸೊಗಸಾದ ಕಥಾವಸ್ತು. ಸೇನಾನಿ ಗಂಗರಾಜನ ನೆನಪಿಗೆ ಮಗ ಬೊಪ್ಪ 1133ರಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ಹೊಯ್ಸಳ ದೊರೆ ವಿಷ್ಣುವರ್ಧನನ ಕೈಸೇರುವ ಹೊತ್ತಿಗೆ ಅವನಿಗೆ ಯುದ್ಧದಲ್ಲಿ ಜಯ, ಮನೆಯಲ್ಲಿ ಗಂಡುಮಗು. 1117ರಲ್ಲಿ ಬೇಲೂರಿನಲ್ಲಿ ವಿಷ್ಣುವನ್ನು ಪ್ರತಿಷ್ಠಾಪಿಸಿದ್ದ ಅದೇ ದೊರೆ ಜಿನನಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು ಬಸದಿಗೆ ದತ್ತಿ ಬಿಟ್ಟ. ಭಾಷಣ ಮಾಡಿದ ದಾಖಲೆ ಇಲ್ಲ, ಊರು ಬರೆದುಕೊಟ್ಟ ದಾಖಲೆ ಇದೆ.

ಅರಸೀಕೆರೆಯಲ್ಲಂತೂ ಪಂದ್ಯವೇ ಇಲ್ಲ. ಶಿವಾಲಯವೂ ದಂಡನಾಯಕ ರೇಚರಸನ ಸಹಸ್ರಕೂಟ ಜಿನಾಲಯವೂ ಒಂದೇ ಊರಿನಲ್ಲಿ, ಸುಮಾರು 1220ರ ಒಂದೇ ಕಾಲದಲ್ಲಿ ಎದ್ದವು. ಯಾರೂ ಗೆಲ್ಲದ, ಯಾರೂ ಸೋಲದ ಈ ಕತೆಗೆ ನಿರ್ಮಾಪಕರು ಸಿಗುವುದು ಕಷ್ಟ.

ಹೊಯ್ಸಳರೂ ನಿರ್ದೋಷಿಗಳಲ್ಲ. ವಿಷ್ಣುಭಕ್ತ ಗಂಡ ವಿಷ್ಣುವರ್ಧನನೊಡನೆ ಜೈನಳಾಗಿಯೇ ಬಾಳಿದ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಯ ಹೆಸರು ಸವತಿಗಂಧವಾರಣ, ಅಂದರೆ ಸವತಿಯರ ಪಾಲಿಗೆ ಮದ್ದಾನೆ. ಮತಗಳ ನಡುವೆ ಸಾಧ್ಯವಾದ ಸಾಮರಸ್ಯ ಅಂತಃಪುರಕ್ಕೆ ವಿಸ್ತರಿಸಲಿಲ್ಲವೆಂದು ಇದರಿಂದ ಸಿದ್ಧ.

ಉಳಿದದ್ದು ತೇರು. ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ಖಾಜಿಯವರು ಕುರಾನ್ ಪಠಿಸುವುದು ಹಳೆಯ ವಾಡಿಕೆ. 2022ರಲ್ಲಿ ಅದಕ್ಕೆ ಆಕ್ಷೇಪ ಎದ್ದಿತು. ಮುಜರಾಯಿ ಇಲಾಖೆ ಒಪ್ಪಿಗೆ ಕೊಟ್ಟಿತು, ಪಠಣ ನಡೆಯಿತು, ತೇರೂ ಹೊರಟಿತು. ಮರುವರ್ಷ ಮತ್ತೆ ಪ್ರತಿಭಟನೆ. ಸಿನಿಮಾದಲ್ಲಾದರೆ ಕೊನೆಯ ಓವರಿನಲ್ಲಿ ಊರು ಒಂದಾಗಿ ಹೆಸರುಗಳು ತೆರೆಯ ಮೇಲೆ ಉರುಳುತ್ತವೆ. ಬೇಲೂರಿನವರು ಇದನ್ನೇ ಪ್ರತಿ ಚೈತ್ರದಲ್ಲೂ ಮೊದಲಿನಿಂದ ಆಡಬೇಕು, ಅದೂ ಹಿನ್ನೆಲೆ ಸಂಗೀತವಿಲ್ಲದೆ.

ಆದ್ದರಿಂದ ಮುಂದಿನ ನಿರ್ದೇಶಕರಲ್ಲಿ ವಿನಂತಿ: ಚಿತ್ರಕತೆ ಬರೆಯುವ ಮುನ್ನ ಒಂದು ತೇರಿಗೆ ಬನ್ನಿ. ಅರಸೀಕೆರೆ ಜಂಕ್ಷನ್ನಿನವರೆಗೆ ರೈಲಿದೆ, ಅಲ್ಲಿಂದ ಮುಂದೆ ಬಸ್ಸು.