ಒಳಮನೆಯ ಸಂದರ್ಶನ

ಗುರುತಿಲ್ಲದವರ ಮುಂದೆ ಕೂತು ಸಂದರ್ಶನ ಕೊಡುವುದು ಸುಲಭ. ಅವರಿಗೆ ನಮ್ಮ ಬಗ್ಗೆ ಗೊತ್ತಿರುವುದೆಲ್ಲ ನಾವೇ ಬರೆದುಕೊಟ್ಟ ಎರಡು ಪುಟ, ಆ ಎರಡು ಪುಟದಲ್ಲಿ ನಾವು ಎಂಥ ಶೂರರೂ ಆಗಬಹುದು. ಕಷ್ಟವಿರುವುದು ದುಡಿಯುತ್ತಿರುವ ಕಂಪನಿಯಲ್ಲೇ ಮೂರನೇ ಮಹಡಿಯಿಂದ ಐದನೇ ಮಹಡಿಗೆ ಹೋಗಲು ಕೊಡಬೇಕಾದ ಸಂದರ್ಶನದಲ್ಲಿ. ಬೆಂಗಳೂರಿನ ಐಟಿ ಮಂದಿ ಇದನ್ನು ಐಜೆಪಿ ಅನ್ನುತ್ತಾರೆ. ಇಂಟರ್ನಲ್ ಜಾಬ್ ಪೋಸ್ಟಿಂಗ್ ಎಂಬುದರ ಚುಟುಕು.

ಇದು ಸೋದರಮಾವನ ಮಗಳನ್ನೇ ನೋಡಲು ಶಾಸ್ತ್ರೋಕ್ತವಾಗಿ ಹೋದ ಹಾಗೆ. ಚಿಕ್ಕಂದಿನಿಂದ ಜಡೆ ಎಳೆದು ಜಗಳವಾಡಿದ ಹುಡುಗಿ ಸೀರೆಯುಟ್ಟು, ಉಪ್ಪಿಟ್ಟು ಕೇಸರಿಬಾತು ತಂದಿಟ್ಟು, ತಲೆ ತಗ್ಗಿಸಿ ಕೂತಿರುತ್ತಾಳೆ. ಮಾವ ಗಂಟಲು ಸರಿಮಾಡಿಕೊಂಡು, “ಏನು ಓದಿದ್ದೀಯಪ್ಪ?” ಅನ್ನುತ್ತಾರೆ. ಫೀಸು ಕಟ್ಟಿದವರು ಅವರೇ.

ಅರ್ಜಿ ಹಾಕುವ ಮುನ್ನ ಈಗಿನ ಮ್ಯಾನೇಜರ ಒಪ್ಪಿಗೆ ಬೇಕು. ನಮ್ಮವರು ಬಹಳ ಸಂತೋಷಪಟ್ಟರು. “ಬೆಳೀಬೇಕಪ್ಪಾ, ಬೆಳೀಬೇಕು” ಎಂದು ಬೆನ್ನು ತಟ್ಟಿ, ಅದೇ ವಾರದ ಆನ್‌ಕಾಲ್ ಪಾಳಿಗೆ ನನ್ನ ಹೆಸರು ಹಾಕಿದರು. ಎರಡಕ್ಕೂ ಸಂಬಂಧವಿಲ್ಲ ಎಂದೇ ನಾನು ನಂಬಿದ್ದೇನೆ.

ಬಯಸಿದ ಹುದ್ದೆಯ ಹೆಸರು ಸೈಟ್ ರಿಲಯಬಿಲಿಟಿ ಎಂಜಿನಿಯರ್. 2003ರಲ್ಲಿ ಗೂಗಲ್‌ನವರು ಹುಟ್ಟುಹಾಕಿದ ಕೆಲಸ, ಈಗ ಎಲ್ಲ ಕಡೆಯೂ ಇದೆ. ವ್ಯವಸ್ಥೆ ಬೀಳದಂತೆ ಕಾಯಬೇಕು, ಬಿದ್ದರೆ ಎತ್ತಬೇಕು. ಇವರ ಲೆಕ್ಕವೆಲ್ಲ ಒಂಬತ್ತುಗಳಲ್ಲಿ. ಸೇವೆ ಶೇ. 99.9ರಷ್ಟು ಹೊತ್ತು ನಡೆಯಬೇಕು ಎಂದರೆ ವರ್ಷಕ್ಕೆ ಎಂಟೂ ಮುಕ್ಕಾಲು ಗಂಟೆ ನಿಂತರೂ ಮಾಫಿ. ಶೇ. 99.999 ಎಂದರೆ ಇಡೀ ವರ್ಷದಲ್ಲಿ ಬರೀ ಐದು ನಿಮಿಷ ಚಿಲ್ಲರೆ. ಇದನ್ನು ಬಾಯಿಪಾಠ ಮಾಡುತ್ತಿದ್ದಾಗ ನಮ್ಮ ಬೀದಿಯ ಕರೆಂಟು ಹೋಯಿತು. ಮರಳಿ ಬರುವಷ್ಟರಲ್ಲಿ ಬೀದಿ ತನ್ನ ಪಾಲಿನ ಒಂಬತ್ತುಗಳನ್ನೆಲ್ಲ ಕಳೆದುಕೊಂಡಿತ್ತು.

ಬಳಿಕ ಹಳೆಯ ಪಠ್ಯಪುಸ್ತಕ ತೆಗೆದೆ. ಕೆಲಸದಲ್ಲಿ ಯಾರೂ ಬರೆಯದ, ಸಂದರ್ಶನದಲ್ಲಿ ಮಾತ್ರ ಎಲ್ಲರೂ ಬರೆಸುವ ವಿದ್ಯೆಗಳು ಅದರಲ್ಲಿವೆ. ಅವುಗಳಲ್ಲಿ ಹಿರಿಯಣ್ಣ ಬೈನರಿ ಸರ್ಚ್. ಕ್ರಮವಾಗಿ ಜೋಡಿಸಿಟ್ಟ ನೂರು ಕೋಟಿ ಸಂಖ್ಯೆಗಳಲ್ಲಿ ಒಂದನ್ನು ಹುಡುಕಬೇಕು: ನಡುವಿನದನ್ನು ನೋಡು, ಬೇಡದ ಅರ್ಧ ಬಿಸಾಡು, ಉಳಿದುದರ ನಡುವನ್ನು ನೋಡು. ಮೂವತ್ತು ಸಲ ನೋಡುವಷ್ಟರಲ್ಲಿ ಸಿಕ್ಕಿಬಿಡುತ್ತದೆ. ಮಗುವಿಗೂ ಅರ್ಥವಾಗುತ್ತದೆ. ಆದರೆ ಇದು ಮೊದಲು ಪ್ರಕಟವಾದದ್ದು 1946ರಲ್ಲಿ, ತಪ್ಪಿಲ್ಲದ ರೂಪ ಅಚ್ಚಾದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ ಎಂದು ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ದಾಖಲಿಸಿದ್ದಾರೆ. ಅಷ್ಟಕ್ಕೇ ಮುಗಿಯಲಿಲ್ಲ. ಜಾವಾ ಭಾಷೆಯ ಜೊತೆಗೇ ಬರುವ ಬೈನರಿ ಸರ್ಚನ್ನು ಬರೆದ ಜೋಶುವಾ ಬ್ಲೋಕ್, ಅದರಲ್ಲೊಂದು ದೋಷ ಸುಮಾರು ಒಂಬತ್ತು ವರ್ಷ ಬೆಚ್ಚಗೆ ಕೂತಿತ್ತೆಂದು 2006ರಲ್ಲಿ ತಾವೇ ಬರೆದರು. ನಡು ಹುಡುಕಲು ಮೊದಲನೆಯದನ್ನೂ ಕೊನೆಯದನ್ನೂ ಕೂಡಿ ಎರಡರಿಂದ ಭಾಗಿಸುತ್ತಾರಲ್ಲ, ಆ ಮೊತ್ತ 214 ಕೋಟಿ ದಾಟಿದರೆ ಪಾತ್ರೆ ತುಂಬಿ ಉತ್ತರ ಮೈನಸ್ಸಿಗೆ ಇಳಿಯುತ್ತಿತ್ತು. ಮೊದಲನೆಯದನ್ನು ಕೊನೆಯದರಿಂದ ಕಳೆದು, ಅರ್ಧ ಮಾಡಿ, ಮತ್ತೆ ಮೊದಲನೆಯದಕ್ಕೆ ಕೂಡಿಸಿದರೆ ತಾಪತ್ರಯವಿಲ್ಲ. ಇದನ್ನು ಓದಿದ ದಿನ ನನಗಾದ ಆನಂದ ಹೇಳತೀರದು. ಅಂಥ ಘಟಾನುಘಟಿಗೇ ಒಂಬತ್ತು ವರ್ಷ ಹಿಡಿದದ್ದನ್ನು ನಾನು ಮುಕ್ಕಾಲು ಗಂಟೆಯ ಸಂದರ್ಶನದಲ್ಲಿ ಬಿಳಿಹಲಗೆಯ ಮೇಲೆ ಬರೆದು ತೋರಿಸುವವನಿದ್ದೆ. ಕೇಳಲಿ, ಅದೊಂದನ್ನು ಕೇಳಲಿ ಎಂದು ಮನೆದೇವರಿಗೆ ಹೇಳಿಕೊಂಡೆ.

ನಿಜಕ್ಕೂ ನನಗೆ ಬರುವ ವಿದ್ಯೆ ಬಾಯಲ್ಲಿಲ್ಲ, ಬೆರಳಲ್ಲಿದೆ. ನಡುರಾತ್ರಿ ಸರ್ವರ್ ನಿಂತಿದೆ ಎಂದು ಫೋನು ಬಂದರೆ ಅರೆನಿದ್ದೆಯಲ್ಲೇ ಬೆರಳು ಓಡುತ್ತದೆ. ಡಿಎಫ್ ಎಂಬ ಆದೇಶ ಕೊಟ್ಟರೆ ಡಿಸ್ಕು ಪೂರ್ತಿ ತುಂಬಿದೆ ಅನ್ನುತ್ತದೆ. ಡಿಯು ಕೊಟ್ಟು ಫೈಲುಗಳನ್ನೆಲ್ಲ ಕೂಡಿಸಿದರೆ ಅರ್ಧವೂ ಆಗುವುದಿಲ್ಲ. ಯಾರೋ ದೊಡ್ಡದೊಂದು ಲಾಗ್ ಫೈಲನ್ನು ಅಳಿಸಿರುತ್ತಾರೆ, ಅದಕ್ಕೆ ಬರೆಯುತ್ತಿದ್ದ ಪ್ರೋಗ್ರಾಂ ಮಾತ್ರ ಅದನ್ನಿನ್ನೂ ಬಿಟ್ಟಿರುವುದಿಲ್ಲ. ಹೆಸರು ಅಳಿದಿದೆ, ಜಾಗ ಖಾಲಿಯಾಗಿಲ್ಲ. ಹಿಡಿದು ಕೂತವನು ಯಾರೆಂದು ಪತ್ತೆಹಚ್ಚಿ, ಅವನನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಿದರೆ ಆಯಿತು. ಇದನ್ನೇ ಹಗಲಲ್ಲಿ, ಇಸ್ತ್ರಿ ಅಂಗಿ ತೊಟ್ಟು, “ನಾನು ಎದುರಿಸಿದ ಒಂದು ಸವಾಲು” ಎಂದು ಆರಂಭಿಸಿ ಹೇಳು ಅಂದರೆ ನಾಲಿಗೆ ಕಟ್ಟುತ್ತದೆ. ಬೇರೆಯವರು ಬಿಡಿಸಿದ ಗಂಟಿನ ಕಥೆ ಹೇಳುತ್ತಿದ್ದೇನೇನೋ ಅನ್ನಿಸುತ್ತದೆ. ಸಂದರ್ಶನ ಮಾಡುವವರು ಬೆರಳನ್ನು ಪರೀಕ್ಷಿಸುವ ಉಪಾಯವೊಂದನ್ನು ಕಂಡುಹಿಡಿಯಬಾರದೆ? ನಡುರಾತ್ರಿ ಫೋನು ಮಾಡಿದರೂ ಸಾಕು.

ಅಭ್ಯಾಸಕ್ಕೆಂದು ಹೆಂಡತಿಯ ಕೈಗೆ ಪ್ರಶ್ನೆಗಳ ಹಾಳೆ ಕೊಟ್ಟೆ.

“ಒತ್ತಡ ಬಂದಾಗ ಹೇಗೆ ಕೆಲಸ ಮಾಡ್ತೀರಾ?”

“ಸಮಾಧಾನವಾಗಿ, ಒಂದೊಂದಾಗಿ ಕಾರಣ ಹುಡುಕ್ತೀನಿ.”

ಒಳಕೋಣೆಯಲ್ಲಿ ಓದುತ್ತಿದ್ದ ಮಗಳು ಗೊಳ್ಳೆಂದು ನಕ್ಕಳು. ಹೆಂಡತಿ ಹಾಳೆ ಕೆಳಗಿಟ್ಟು, “ಮೊನ್ನೆ ಗ್ಯಾಸು ಖಾಲಿಯಾದಾಗ ಎಷ್ಟು ಕಾರಣ ಹುಡುಕಿದ್ರಿ, ಅದ್ನೂ ಹೇಳಿ” ಅಂದಳು. ಮುಂದಿನ ಪ್ರಶ್ನೆ ನನ್ನ ದೌರ್ಬಲ್ಯಗಳ ಕುರಿತು. ಅದಕ್ಕೆ ನಾನು ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. ಉತ್ತರವನ್ನು ತಾಯಿ ಮಗಳು ಹಂಚಿಕೊಂಡು ಹೇಳಿದರು. ಅಡುಗೆ ಹೊತ್ತಾಯಿತು.

ಸಂದರ್ಶನದ ಹಿಂದಿನ ರಾತ್ರಿ ಫೋನು ಬಂತು. ನೋಡಿದರೆ ಮರುದಿನದ ಪ್ಯಾನೆಲಿನಲ್ಲಿದ್ದ ಹಾಸನದವರು, ದಿನಾ ನನ್ನ ಜೊತೆ ಬೈಟೂ ಕಾಫಿ ಕುಡಿಯುವವರು.

“ಏನ್ ಗುರು, ಮಲಗಿದ್ಯಾ? ನಾಳೆ ನಿಮಗೆಲ್ಲ ಪ್ರಶ್ನೆ ಕೇಳ್ಬೇಕಲ್ಲ, ನಾನೂ ಸ್ವಲ್ಪ ಓದ್ಕೊಳ್ಳೋಣ ಅಂತ ಕೂತಿದ್ದೆ. ಕಾಲೇಜು ಬಿಟ್ಮೇಲೆ ಇದನ್ನೆಲ್ಲ ಮುಟ್ಟೇ ಇಲ್ಲ ನೋಡು. ಈ ಬೈನರಿ ಸರ್ಚಲ್ಲಿ ಎರಡೂ ತುದಿ ಕೂಡಿ ಎರಡರಿಂದ ಭಾಗಿಸಿದ್ರೆ ಮುಗೀತಲ್ವಾ?”

“ಮುಗಿಯಲ್ಲ ಸಾರ್” ಅಂದೆ. ತಡೆಯಲಾಗಲಿಲ್ಲ. ಬ್ಲೋಕ್, ಒಂಬತ್ತು ವರ್ಷ, 214 ಕೋಟಿ, ಕಳೆಯುವುದು, ಕೂಡುವುದು, ಎಲ್ಲವನ್ನೂ ಎಲ್ಲೂ ತಡವರಿಸದೆ ಹೇಳಿದೆ. ಆ ಕಡೆ ಪೆನ್ನು ಓಡುವ ಸದ್ದು ಕೇಳುತ್ತಿತ್ತು.

“ಅದ್ಭುತ ಕಣೋ! ಆದ್ರೆ ನಿನ್ನನ್ನ ಇನ್ನು ಇದು ಕೇಳೋಕಾಗಲ್ಲ, ತಪ್ಪಾಗುತ್ತೆ. ನಿಂದಾದ್ಮೇಲೆ ಬರೋನಿಗೆ ಇಟ್ಕೊಳ್ತೀನಿ” ಎಂದು ಫೋನಿಟ್ಟರು.